ಊರುಗೋಲು ಬಿಟ್ಟವನ ಜೊತೆ ಫೋಟೋ ತೆಗೆಸಿಕೊಂಡ ಸೆನೆಟರ್ ಸಾಹೇಬರಿಗೆ

ಸನ್ಮಾನ್ಯ ಸೆನೆಟರ್ ವಿನ್‌ಫೀಲ್ಡ್ ಟ್ರಸ್ಕಾಟ್ ಮಹೋದಯರ ಸನ್ನಿಧಾನಕ್ಕೆ,

ಮಾನ್ಯರೇ,

ಟಪೆಲ್ಟನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಒಮ್ಮೆಯೂ ಮುಟ್ಟದೆ, ಚೆಂಡು ಹಿಡಿದವನನ್ನು ಕೆಡವಲು ಬರುವವರಿಗೆಲ್ಲ ಎದೆ ಕೊಟ್ಟು ನಿಲ್ಲುವುದಷ್ಟೇ ಕಾಯಕವಾಗಿರುವ ಡೆಲ್ರಾಯ್ ಪ್ರೊಥ್ರೋ ಎಂಬ ನಾನು, ಮಂಡಿ ಇನ್ನೂ ಬಗ್ಗುತ್ತಿರುವಾಗಲೇ ತಮಗೆ ಮಂಡಿಯೂರಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಾಲೇಜು ಆಟಗಾರರ ಸಂಪಾದನೆಗೆ ಮಿತಿ ಹಾಕಿ, ನಾವು ನೌಕರರೇ ಅಲ್ಲವೆಂದು ಸಾರಿ, ಸಂಘ ಕಟ್ಟಿಕೊಂಡು ಆಡಳಿತದವರ ಎದುರು ಮಾತುಕತೆಗೆ ಕೂರುವ ದಾರಿಯನ್ನೂ ಮುಚ್ಚುವ ತಮ್ಮ ಮಸೂದೆಯನ್ನು ಓದಿ ನನಗೆ ಕಣ್ಣು ತುಂಬಿ ಬಂತು. ದುಡ್ಡು ಕಂಡರೆ ಹುಡುಗರು ಕೆಟ್ಟುಹೋಗುತ್ತಾರೆ ಎಂದು ತಾವು ಸಭೆಯಲ್ಲಿ ನುಡಿದಿರಂತೆ. ನನ್ನನ್ನು ಹೆತ್ತವಳಿಗೂ ಇಷ್ಟು ಚಿಂತೆ ಇರಲಿಲ್ಲ.

ಆದರೆ ಈ ಕೃಪೆ ನಮ್ಮ ಮೇಲಷ್ಟೇ ಸುರಿಯುತ್ತಿರುವುದು ಅನ್ಯಾಯ. ನಮ್ಮ ಕೋಚ್ ಬಕ್ ಹ್ಯಾನ್ರಹನ್ ಅವರು ರಾಜ್ಯಪಾಲರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಬಳ ಪಡೆದು ದಿನವೂ ಕೆಡುವ ಅಪಾಯದಲ್ಲಿದ್ದಾರೆ. ಅವರಿಗಿಂತ ಹಿಂದಿನ ಕೋಚ್ ಅಂತೂ ಸೋತು ಸೋತು ಕೆಲಸ ಕಳೆದುಕೊಂಡ ಮೇಲೂ, ಕರಾರಿನ ಪ್ರಕಾರ, ತರಬೇತಿ ಕೊಡದೇ ಇರುವುದಕ್ಕೆ ಸಂಬಳ ಪಡೆಯುತ್ತಾ ಕೆರೆಯ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದಾರೆ. ಉಂಡೂ ಹೋದ, ಕೊಂಡೂ ಹೋದ ಎಂದರೆ ಇದೇ ಇರಬೇಕು. ಅವರ ಶೀಲವನ್ನೂ ತಾವು ಒಂದಿಷ್ಟು ಕಾಪಾಡಬೇಕು.

ನಾವು ಸಂಘಕ್ಕೆ ಮತ ಹಾಕುತ್ತೇವೆಂಬ ಸುದ್ದಿ ಹಬ್ಬಿದ ವಾರವೇ ಕೋಚ್ ನಮ್ಮ ತಾಯಂದಿರನ್ನೆಲ್ಲ ಭೋಜನಶಾಲೆಗೆ ಕರೆಸಿ, ಹೊಗೆಯಲ್ಲಿ ಬೇಯಿಸಿದ ಹಂದಿಯ ಪಕ್ಕೆಲುಬು ಬಡಿಸಿ, ಗದ್ಗದ ಕಂಠದಿಂದ "ನಾವೆಲ್ಲ ಒಂದೇ ಮನೆಯವ್ರು ಕಣಮ್ಮಾ, ಮನೆಯೊಳಗೆ ಸಂಘ ಗಿಂಘ ಯಾಕೆ ಬೇಕು?" ಎಂದರು. ಅಲ್ಲಿ ನನ್ನ ಗೆಳೆಯ ಅಮೋಸ್ ಟಾಲಿವರನ ತಾಯಿ ಅರ್ನೆಸ್ಟೀನ್ ಇದ್ದರು. ಅಮೋಸ್ ಮೈದಾನದಲ್ಲಿ ನನ್ನ ಪಕ್ಕದಲ್ಲೇ ನಿಲ್ಲುವವನು. ಅಕ್ಟೋಬರಿನ ಒಂದು ಪಂದ್ಯದಲ್ಲಿ ಅವನ ಮಂಡಿ ಉಳುಕಿದಾಗ, ಕೋಚ್ ಹುಬ್ಬೇರಿಸಿದರೆ ಕೆಲಸ ಹೋಗುವ ನಮ್ಮ ತಂಡದ ವೈದ್ಯರು ನೋವು ತಿಳಿಯದಂತೆ ಒಂದು ಸೂಜಿ ಚುಚ್ಚಿ ಅವನನ್ನು ಮತ್ತೆ ಆಟಕ್ಕೆ ಕಳಿಸಿದರು. ಉಳುಕಿದ್ದ ಮಂಡಿಯ ಅಸ್ಥಿರಜ್ಜು ಪೂರ್ತಿ ಹರಿಯಿತು. ಆ ತಾಯಿ ಬೆರಳು ಒರೆಸಿಕೊಂಡು ಕೇಳಿದ್ದು ಇಷ್ಟೇ: "ಮನೆಯವ್ರು ಅಂತೀರ, ಸಂತೋಷ ಕೋಚ್. ಬರೋ ಬೇಸಿಗೇಲಿ ಇವನ ವಿದ್ಯಾರ್ಥಿವೇತನ ಮುಗಿಯುತ್ತೆ. ಆಮೇಲೆ ಈ ಕಾಲು ಯಾರ ಮನೇದು?"

ಕೋಚ್ ಅವರು ಇನ್ನೊಂದು ಪಕ್ಕೆಲುಬು ಬಡಿಸಿದರು.

ತಮ್ಮ ಮುಂದೆ ಮುಚ್ಚುಮರೆ ಏಕೆ? ಮಾತುಕತೆಯ ಮೇಜಿನಲ್ಲಿ ನಾವು ಮೊದಲು ಕೇಳಬೇಕೆಂದಿರುವುದು ಸಂಬಳವನ್ನಲ್ಲ. ಕೋಚ್‌ನ ಮುಖ ನೋಡದೆ ಆಟಗಾರನ ಮಂಡಿ ನೋಡುವ ಒಬ್ಬ ವೈದ್ಯರು, ಮತ್ತು ಇಲ್ಲಿ ಮುರಿದದ್ದು ಕೂಡುವವರೆಗೆ ಚಿಕಿತ್ಸೆ. ಸಂಬಳ ಎರಡನೆಯದು, ಅದನ್ನೂ ಕೇಳುತ್ತೇವೆ, ನಾಚಿಕೆಯೇನಿಲ್ಲ.

ಮಸೂದೆಯ ಪ್ರಚಾರಕ್ಕೆಂದು ತಾವು ನಮ್ಮ ಅಭ್ಯಾಸದ ಮೈದಾನಕ್ಕೆ ದಯಮಾಡಿಸಿದ್ದು ನೆನಪಿರಬಹುದು. ತಾವು ಕಾರಿನಿಂದ ಇಳಿಯುವ ಮುಂಚೆ ಕೋಚ್ ಬಂದು "ಲೋ ಅಮೋಸ್, ಆ ಊರುಗೋಲು ಆಚೆ ಇಡೋ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ" ಎಂದರು. ಅವನು "ಬೀಳ್ತೀನಿ ಕೋಚ್" ಎಂದ. "ಪ್ರೊಥ್ರೋ ಇದ್ದಾನಲ್ಲ, ಹಿಡ್ಕೋತಾನೆ" ಎಂಬ ಉತ್ತರ ಬಂತು. ಆ ಫೋಟೋವನ್ನು ಈಗ ತಮ್ಮ ಕರಪತ್ರದಲ್ಲಿ ಅಚ್ಚು ಹಾಕಿಸಿ, ಕೆಳಗೆ 'ಹಣ ಕೊಳ್ಳಲಾರದ ಗೆಳೆತನ' ಎಂದು ಬರೆಸಿದ್ದೀರಿ. ಸಾಹೇಬರೇ, ಆ ದಿನ ಅವನು ನನ್ನ ಅಂಗಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದ. ತಾವು ಅವನ ಭುಜ ತಟ್ಟಿ "ಗಟ್ಟಿ ಹುಡುಗ" ಎಂದಾಗ ನನಗೆ ಬಂದಷ್ಟು ಸಿಟ್ಟು ಯಾವ ಎದುರಾಳಿಯ ಮೇಲೂ ಬಂದಿಲ್ಲ.

ಆದ್ದರಿಂದ ಒಂದು ಸಣ್ಣ ಬಿನ್ನಹ. ಈ ಮಸೂದೆಯ ಪುಣ್ಯವನ್ನು ತಾವೂ ಹಂಚಿಕೊಳ್ಳಿ. ತಮ್ಮನ್ನು ಇನ್ನು ಮುಂದೆ ವಿದ್ಯಾರ್ಥಿ-ಸೆನೆಟರ್ ಎಂದು ಕರೆಯೋಣ. ಸಂಬಳದ ಬದಲು ಒಂದು ಕೋಣೆ, ಮೂರು ಹೊತ್ತಿನ ಊಟ, ಹಳೆಯ ಪಠ್ಯಪುಸ್ತಕಗಳು ಸಾಕು, ಇಲ್ಲದಿದ್ದರೆ ದೇಶಸೇವೆಯ ಮೇಲಿನ ಪ್ರೀತಿ ಕಲುಷಿತವಾದೀತು. ಭಾಷಣ ಮಾಡುವಾಗ ಗಂಟಲು ಕಟ್ಟಿದರೆ ಎದುರು ಪಕ್ಷದ ನಾಯಕರು ನೇಮಿಸಿದ ವೈದ್ಯರು ಬಂದು ಪರೀಕ್ಷಿಸಿ, ಏನೂ ಆಗಿಲ್ಲ, ಇನ್ನೆರಡು ಗಂಟೆ ಮಾತಾಡಿ ಎನ್ನುತ್ತಾರೆ. ತಾವು ಒಪ್ಪಿದ ದಿನವೇ ನಾವೂ ಒಪ್ಪುತ್ತೇವೆ.

ಕಾನೂನು ಅನುಮತಿಸುವ ಮಿತಿಯೊಳಗೆ,
ತಮ್ಮ ವಿಶ್ವಾಸಿ,
ಡೆಲ್ರಾಯ್ ಪ್ರೊಥ್ರೋ

ತಾ.ಕ.: ಶನಿವಾರದ ಪಂದ್ಯವನ್ನು ತಾವು ಪರಿವಾರಸಮೇತ ಗಣ್ಯರ ಗಾಜಿನ ಕೋಣೆಯಲ್ಲಿ ಕೂತು ನೋಡುವಿರೆಂದು ತಿಳಿದು ಹರ್ಷವಾಯಿತು. ಅಮೋಸ್‌ನ ಕಾಲಿಗೆ ಬೇರೆ ವೈದ್ಯರು ಬರುವವರೆಗೆ ನಮ್ಮಲ್ಲಿ ಯಾರೂ ಮೈದಾನಕ್ಕೆ ಇಳಿಯುವುದಿಲ್ಲ. ಇದನ್ನು ಯಾರಾದರೂ ಮುಷ್ಕರ ಎಂದರೆ ದಯಮಾಡಿ ತಾವೇ ತಿದ್ದಬೇಕು: ಮುಷ್ಕರ ಹೂಡುವವರು ನೌಕರರು, ನಾವಲ್ಲ. ವಿದ್ಯಾರ್ಥಿಗಳಾದ ನಾವು ಅಂದು ಇಡೀ ತಂಡ ಗ್ರಂಥಾಲಯದಲ್ಲಿ ಓದುತ್ತಿರುತ್ತೇವೆ. ಅಲ್ಲಿ ಒಂದು ಉದ್ದನೆಯ ಮೇಜಿದೆ, ಎದುರಿನ ಸಾಲಿನ ಕುರ್ಚಿಗಳನ್ನು ಖಾಲಿ ಬಿಟ್ಟಿರುತ್ತೇವೆ. ಬಂದು ಕೂತರೆ ಮಾತಾಡೋಣ. ಮೆಲ್ಲಗೆ ಮಾತ್ರ, ಪಕ್ಕದಲ್ಲಿ ಓದುವವರಿರುತ್ತಾರೆ.