ವಿಗಾನ್ ಕಾಣದವನ ವಿಗಾನ್ ಪುರಾಣ

ನನಗೊಂದು ಕಾಯಿಲೆಯಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಗೂ ನನ್ನ ಹೆಂಡತಿ ಎಲ್ಲರಿಗೂ ಹೇಳಿಯಾಗಿದೆ. ಯಾರಾದರೂ ತಮ್ಮ ಊರಿನ ಹೆಸರು ಹೇಳಿದರೆ ಸಾಕು, ಆ ಊರಿನ ವಿಷಯವನ್ನು ಅವರಿಗೇ ತಿಳಿಸಿಕೊಡದೆ ನನಗೆ ಸಮಾಧಾನವಿಲ್ಲ. ಒಮ್ಮೆ ಡಬ್ಲಿನ್ನಿನ ಟ್ರಾಮಿನಲ್ಲಿ ಪಕ್ಕ ಕೂತ ಧಾರವಾಡದವರೊಬ್ಬರಿಗೆ ಪೇಡೆಯ ಚರಿತ್ರೆ ಆರಂಭಿಸಿದೆ. ಅವರು "ಬರ್ತೀನ್ರೀ, ನನ್ನ ಸ್ಟಾಪ್ ಬಂತು" ಎಂದು ಇಳಿದುಹೋದರು. ಅವರ ಮನೆ ಇನ್ನೂ ಆರು ಸ್ಟಾಪ್ ಆಚೆ ಎಂದು ಆಮೇಲೆ ಗೊತ್ತಾಯಿತು. ಅವತ್ತು ಮಳೆ ಬೇರೆ ಬರುತ್ತಿತ್ತು.

ಈ ಕಾಯಿಲೆ ನಮ್ಮ ತಲೆಯ ಮೇಲಿನ ಸೂರಿಗೇ ಕುತ್ತು ತಂದದ್ದು ಕಳೆದ ವರ್ಷ. ನಾವಿದ್ದ ಬಾಡಿಗೆ ಮನೆಯನ್ನು ಮಾರುತ್ತೇನೆಂದು ಓನರ್ ನೋಟಿಸ್ ಕೊಟ್ಟರು. ಇಲ್ಲಿ ಡಬ್ಲಿನ್ನಿನಲ್ಲಿ ಮನೆ ನೋಡಲು ಹೋದರೆ ಗೇಟಿನಿಂದ ರಸ್ತೆಯ ತಿರುವಿನವರೆಗೆ ಕ್ಯೂ. ಹದಿಮೂರು ಮನೆ ನೋಡಿದೆವು, ನೋಡಿದ್ದಷ್ಟೇ ಬಂತು. ಆಗ ದೇವರಂತೆ ಒದಗಿದವರು ನನ್ನ ಹೆಂಡತಿ ಸುಮನಾ ಕೆಲಸ ಮಾಡುವ ಆಸ್ಪತ್ರೆಯ ಹಿರಿಯ ನರ್ಸ್, ಫಿಲಿಪೀನ್ಸಿನವರು. ಅವರು ಮಗಳಿರುವ ಲಿಮೆರಿಕ್‌ಗೆ ಹೋಗಿ ನೆಲೆಸುವವರಿದ್ದರು. ಊರಂಚಿನ ಟಾಲಾದಲ್ಲಿದ್ದ ತಮ್ಮ ಮನೆಯನ್ನು ಗುರುತಿನವರಿಗೇ ಬಾಡಿಗೆಗೆ ಕೊಡಬೇಕೆಂದು ಅವರ ಆಸೆ. ಅವರ ಹೆಸರು ಲೂಸ್. ಬೆಳಕು ಎಂದು ಅರ್ಥವಂತೆ. ಬೆಂಗಳೂರಿನಲ್ಲಿ ಬೆಳೆದ ನನಗೆ ಹಿರಿಯರೊಬ್ಬರನ್ನು ಎದುರಿಗೇ "ಲೂಸ್" ಎಂದು ಕರೆಯಲು ನಾಲಗೆ ಏಳಲಿಲ್ಲ. ಅವರ ಕಡೆ ಚಿಕ್ಕಮ್ಮನಿಗೆ ಟೀಟಾ ಎನ್ನುತ್ತಾರೆ, ಅದನ್ನೇ ಹಿಡಿದುಕೊಂಡೆ.

"ಟೀಟಾ ಊರು ವಿಗಾನ್ ಅಂತೆ. ಅಲ್ಲಿ ನೀವು ಬಾಯಿ ಬಿಡ್ಬೇಡಿ, ನಿಮ್ ದಮ್ಮಯ್ಯ" ಎಂದಳು ಸುಮನಾ. ಅವಳು ಎರಡನೆಯ ವಾಕ್ಯವನ್ನಷ್ಟೇ ಹೇಳಿದ್ದರೆ ಸಾಕಿತ್ತು. ಮೊದಲನೆಯದನ್ನು ಕೇಳಿದ ಮೇಲೆ ನಾನು ಮೂರು ದಿನ ಕೂತು ವಿಗಾನನ್ನು ಅರೆದು ಕುಡಿದೆ.

ಭಾನುವಾರ ಟೀಟಾ ಮನೆಯಲ್ಲಿ ಟೀ ಬಂತು, ಬಿಸ್ಕತ್ತು ಬಂತು, ನನಗೆ ಮಾತೂ ಬಂತು. ಕಲ್ಲುಹಾಸಿನ ಹಳೆಯ ಬೀದಿ, ಮೋಟಾರಿಗೆ ಪ್ರವೇಶವಿಲ್ಲದ ಅಲ್ಲಿ ಓಡುವ ಕುದುರೆಗಾಡಿ, ಕಿಟಕಿಗಳಿಗೆ ಗಾಜಿನ ಬದಲು ಕೂರಿಸಿದ ಸಮುದ್ರದ ತೆಳ್ಳನೆಯ ಚಿಪ್ಪು ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. "ಈಸ್ ದಟ್ ರೈಟ್?" ಎಂದರು ಟೀಟಾ. ಐರ್ಲೆಂಡಿನಲ್ಲಿ ಇದಕ್ಕೆ "ಸಾಕು ಮಾರಾಯ" ಎಂಬ ಅರ್ಥವೂ ಉಂಟೆಂದು ನನಗೆ ತಿಳಿದಿರಲಿಲ್ಲ. ಪ್ರಶ್ನೆ ಕೇಳಿದರೆಂದುಕೊಂಡು ಮುಂದುವರಿಸಿದೆ. ಸ್ಪೇನಿನವರು ಬಂದು ಊರಿನ ಹೆಸರೇನೆಂದು ಕೇಳಿದರಂತೆ. ಊರವರು, ಹೊಳೆದಂಡೆಯ ಗಿಡದ ಹೆಸರು ಕೇಳುತ್ತಿದ್ದಾರೆಂದುಕೊಂಡು "ಬಿಗಾ" ಎಂದರಂತೆ. ಅದೇ ವಿಗಾನ್ ಆಯಿತಂತೆ. "ಬಿಗಾ ಅಂದ್ರೆ ನಮ್ಮ ಕೆಸು, ಟೀಟಾ! ಸುಮನಾ ಕುಂದಾಪುರದವಳು, ಅದರ ಎಲೆಗೆ ಹಿಟ್ಟು ಹಚ್ಚಿ ಪತ್ರೊಡೆ ಮಾಡ್ತಾಳೆ" ಎಂದೆ. ಬಿಗಾ ತಿಂದರೆ ಗಂಟಲು ತುರಿಸುತ್ತದೆ, ತಿನ್ನುವ ಗಿಡ ಬೇರೆ ಎಂದರು ಅವರು. ಹುಣಿಸೆಹಣ್ಣು ಹಾಕಿದರೆ ತುರಿಸುವುದಿಲ್ಲವೆಂದು ನಾನು ಅವರಿಗೆ ತಿಳಿಹೇಳಿದೆ.

ಅಷ್ಟಕ್ಕೇ ಎದ್ದು ಬಂದಿದ್ದರೂ ಆಗುತ್ತಿತ್ತು. ಆದರೆ ಅಡುಗೆಮನೆಯ ಮೂಲೆಯಲ್ಲಿ ಕಂದುಬಣ್ಣದ ದಪ್ಪ ಜಾಡಿಯೊಂದು ಕಂಡಿತು. ವಿನೆಗರ್ ಹುಳಿಯಾಗಲು ಇಡುವ ಜಾಡಿ, ಹೆಸರು ಬುರ್ನಾಯ್ ಎಂದರು. ನಾನು ಕುರ್ಚಿಯಿಂದಲೇ ಎದ್ದೆ. ಬುರ್ನಾಯ್! ಭರಣಿ! ನಮ್ಮ ಉಪ್ಪಿನಕಾಯಿ ಭರಣಿಯೇ ಹಡಗು ಹತ್ತಿ ವಿಗಾನಿಗೆ ಹೋಗಿದೆ, ಇದು ಶುದ್ಧ ಕನ್ನಡ ಪದ ಎಂದು ಸಾರಿದೆ. ಟೀಟಾ ಮೆತ್ತಗೆ, "ಇದನ್ನ ಮಾಡ್ತಿದ್ದವರು ನಮ್ಮಜ್ಜ. ಚೀನಾದಿಂದ ಬಂದವರು ಕಲಿಸಿದ ವಿದ್ಯೆ ಅಂತಿದ್ರು" ಎಂದರು.

"ಅಜ್ಜನಿಗೆ ಸರಿಯಾಗಿ ಗೊತ್ತಿರ್ಲಿಲ್ಲ ಅಂತ ಕಾಣುತ್ತೆ" ಎಂದೆ.

ಸುಮನಾ ಕಪ್ಪನ್ನು ಸಾಸರಿನ ಮೇಲಿಟ್ಟ ಸದ್ದು ಇಡೀ ಮನೆಗೆ ಕೇಳಿಸಿತು. ಹೊರಡುವಾಗ ಬಾಡಿಗೆಗೆ ಬೇಕಾದ ನಮ್ಮ ಕಾಗದಪತ್ರಗಳ ಫೈಲನ್ನು ಟೀಟಾಗೆ ಚಾಚಿದೆ. ಅವರು ಕೈ ಆಡಿಸಿ, "ಆಹ್, ಯು ಆರ್ ಗ್ರ್ಯಾಂಡ್" ಎಂದರು. ಕಾರಿನಲ್ಲಿ ನಾನು ಬೀಗಿದೆ. "ನೋಡಿದ್ಯಾ? ಗ್ರ್ಯಾಂಡ್ ಅಂದ್ರು! ಮನೆ ನಮ್ದೇ!" ಹಿಂದಿನ ಸೀಟಿನಿಂದ ಹತ್ತು ವರ್ಷದ ಮಗಳು ಅನಘಾ, "ಡ್ಯಾಡ್, ದಟ್ ಮೀನ್ಸ್ ನೋ ಥ್ಯಾಂಕ್ಸ್, ಲೈಕ್" ಎಂದಳು. ಇಲ್ಲೇ ಹುಟ್ಟಿದವಳು, ಅವಳ ಮಾತನ್ನು ತೆಗೆದುಹಾಕುವಂತಿರಲಿಲ್ಲ. "ಮನೆ ಬಿಡೋಕೆ ಇನ್ನು ಆರೇ ವಾರ ಇದೆ. ಇವಳ ಸ್ಕೂಲ್ ಬಿಡಿಸಿ ಎಲ್ಲಿಗ್ರೀ ಹೋಗೋದು?" ಎಂದಳು ಸುಮನಾ. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದ್ದದ್ದು ಅಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಎರಡು ದಿನ ಯಾರ ಊರಿನ ಸುದ್ದಿಗೂ ಹೋಗಲಿಲ್ಲ.

ಮೂರನೆಯ ದಿನ ಟೀಟಾ ಸುಮನಾಗೆ ಫೋನ್ ಮಾಡಿದರು. ಮನೆ ನಮಗೇ! ಕಾಗದಪತ್ರ ಬೇಡ ಎಂದಿದ್ದರೇ ಹೊರತು ನಾವು ಬೇಡ ಎಂದಿರಲಿಲ್ಲ. "ನನ್ನ ಮಾತು ಇಷ್ಟ ಆಯ್ತಂತಾ?" ಎಂದು ಕೇಳಿದೆ. ಸುಮನಾ ಕಣ್ಣೊರೆಸಿಕೊಂಡು ನಕ್ಕಳು. "ಅವರ ಯಜಮಾನರೂ ಹೀಗೇ ಇದ್ರಂತೆ. ಅದಕ್ಕೇ ಟೀಟಾ ಮೇಲಿನ ಪುಟ್ಟ ರೂಮಿಗೆ ಒಳಗಿಂದ ಚಿಲಕ ಹಾಕಿಸಿಕೊಂಡಿದಾರಂತೆ. 'ಪಾಪ, ಆ ರೂಮು ನಿಂಗೆ ಬೇಕೇ ಬೇಕು' ಅಂತ ನಂಗೆ ಹೇಳಿ ಮನೆ ಕೊಟ್ರು" ಎಂದಳು.

ಈಗ ಭಾನುವಾರ ಮಧ್ಯಾಹ್ನ ಅವಳು ಆ ರೂಮಿನಲ್ಲಿರುತ್ತಾಳೆ. ಮೊನ್ನೆ ಹೊಸದೊಂದು ಸಂಗತಿ ಸಿಕ್ಕಿತು, ತಡೆಯಲಾಗಲಿಲ್ಲ. ಬಾಗಿಲ ಹೊರಗೆ ನಿಂತೇ ಕೂಗಿದೆ. "ಸುಮೀ, ವಿಗಾನಲ್ಲಿ ಆ ಜಾಡಿಯ ಮಣ್ಣನ್ನ ಕೋಣ ತುಳಿದು ಹದ ಮಾಡುತ್ತಂತೆ!"

ಒಳಗಿನಿಂದ ತಣ್ಣಗೆ ಉತ್ತರ ಬಂತು. "ನೋಡಿ, ಅಲ್ಲಿ ಕೋಣಾನೂ ಕೆಲ್ಸ ಮಾಡುತ್ತೆ. ಹೋಗಿ, ಮೆಷಿನ್‌ನಲ್ಲಿ ಬಟ್ಟೆ ಹಾಗೇ ಇದೆ, ಒಣಗ್ಹಾಕಿ."