ನಲವತ್ತು ದಾಟಿದವರು ಕಾಲೇಜು ಬಿಡುವುದೇಕೆ?

ಒಂದೇ ಮಾತಿನಲ್ಲಿ ಹೇಳಲಾಗದ ಉದ್ಯೋಗವನ್ನು ಮನುಷ್ಯ ಮಾಡಬಾರದು. ಇದು ನಾನು ಪಟ್ಟ ಪಾಡಿನಿಂದ ಕಲಿತದ್ದು. ನ್ಯೂಜೆರ್ಸಿಯಲ್ಲಿ ನಮ್ಮ ಕನ್ನಡದವರ ಮನೆಗಳಲ್ಲಿ ಹಬ್ಬವೋ ಹುಟ್ಟುಹಬ್ಬವೋ ಆದಾಗ ಗಂಡಸರೆಲ್ಲ ಪೇಪರ್ ಪ್ಲೇಟು ಹಿಡಿದು ಬೇಸ್‌ಮೆಂಟಿನಲ್ಲಿ ಸೇರುತ್ತೇವೆ. ಹೊಸಬರು ಬಂದರೆ ಮೊದಲು ಕೆಲಸದ ವಿಚಾರಣೆ. ಒಬ್ಬರು ಐಟಿ ಎನ್ನುತ್ತಾರೆ, ಇನ್ನೊಬ್ಬರು ಫಾರ್ಮಾ ಎನ್ನುತ್ತಾರೆ. ಯಾರಾದರೂ ಕಾರ್ಡಿಯಾಲಜಿ ಎಂದರಂತೂ ಎಲ್ಲರೂ ಅವರ ಪಕ್ಕಕ್ಕೆ ಸರಿದು, ಮೆಟ್ಟಿಲು ಹತ್ತುವಾಗ ತಮಗೆ ಎದೆಯಲ್ಲಿ ಏನೇನಾಗುತ್ತದೆ ಎಂದು ವರ್ಣಿಸತೊಡಗುತ್ತಾರೆ. ನನ್ನ ಸರದಿ ಬಂದಾಗ "ಕಾಲೇಜಲ್ಲಿದೀನಿ" ಎನ್ನುತ್ತೇನೆ. "ಓ, ಪ್ರೊಫೆಸರಾ?" "ಅಲ್ಲ, ಕಾಲೇಜಿಗೆ ಎಂಥವರು ಸೇರ್ತಾರೆ, ಎಷ್ಟು ಜನ ಸೇರ್ತಾರೆ, ಎಷ್ಟು ಜನ ಮಧ್ಯದಲ್ಲೇ ಬಿಟ್ಟು ಹೋಗ್ತಾರೆ ಅಂತ ನೋಡೋದು." ಕೇಳಿದವರು, "ಅದಕ್ಕೆ ಸಂಬಳ ಕೊಡ್ತಾರಾ?" ಎನ್ನುತ್ತಾರೆ. ಕೊಡುತ್ತಾರೆ. ಫಾರ್ಮಾದವರಿಗೆ ಕೊಟ್ಟಷ್ಟು ಕೊಡುವುದಿಲ್ಲ, ಆದರೆ ಕೊಡುತ್ತಾರೆ.

ಅದು ಕಮ್ಯುನಿಟಿ ಕಾಲೇಜು ಎಂದು ಗೊತ್ತಾದ ಮೇಲೆ ಅವರ ಮುಖದಲ್ಲಿ ಮೂಡುವ ಕನಿಕರವೇ ಬೇರೆ. ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಇದು ಆಯಾ ಕೌಂಟಿಯವರು, ಎಂದರೆ ನಮ್ಮ ಜಿಲ್ಲೆಯವರಿದ್ದ ಹಾಗೆ, ನಡೆಸುವ ಎರಡು ವರ್ಷದ ಕಾಲೇಜು. ಫೀಸು ಕಡಿಮೆ, ಪ್ರವೇಶಕ್ಕೆ ಪೈಪೋಟಿಯಿಲ್ಲ, ಯಾವ ವಯಸ್ಸಿನವರು ಬಂದರೂ ಬನ್ನಿ ಎಂದು ಬಾಗಿಲು ತೆಗೆಯುವ ಜಾಗ. ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುವುದರಿಂದಲೇ ನಮ್ಮವರಿಗೆ ಅನುಮಾನ. ಸುಲಭವಾಗಿ ಸೀಟು ಸಿಕ್ಕಿದರೆ ಅದೆಂಥ ಕಾಲೇಜು? ಆದರೂ ಬೇಸಿಗೆ ಬಂತೆಂದರೆ ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲಿ ಓದುವ ನಮ್ಮವರ ಮಕ್ಕಳೇ ಅಲ್ಲಿ ಪಾಸಾಗದ ಕ್ಯಾಲ್ಕ್ಯುಲಸ್ಸನ್ನು ಇಲ್ಲಿ ಮುಗಿಸಿಕೊಳ್ಳಲು ಬರುತ್ತವೆ. ಕಾರಿಡಾರಿನಲ್ಲಿ ನನ್ನನ್ನು ಕಂಡು ಬೆಚ್ಚಿ, "ಅಂಕಲ್, ಪ್ಲೀಸ್ ಡೋಂಟ್ ಟೆಲ್ ಮೈ ಮಾಮ್" ಎನ್ನುತ್ತವೆ. ನಾನು ಹೇಳುವುದಿಲ್ಲ. ಆಮೇಲೆ ಅದೇ ಅಮ್ಮಂದಿರು ದೇವಸ್ಥಾನದಲ್ಲಿ ಸಿಕ್ಕಿ, "ಪಾಪ, ಇನ್ನೂ ಅದೇ ಕಾಲೇಜಲ್ಲೇ ಇದೀರಾ?" ಎಂದು ವಿಚಾರಿಸುತ್ತಾರೆ. ಹೂಂ ಎನ್ನುತ್ತೇನೆ. ಹೂಂ ಎನ್ನುವುದು ನನ್ನ ಜಾಯಮಾನ. ಮೈಸೂರಿನವನು, ಯಾರಿಗೂ ಯಾವುದಕ್ಕೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ವಿದ್ಯಾರ್ಥಿ ಎಂದರೆ ಹೈಸ್ಕೂಲು ಮುಗಿಸಿದ ಹುಡುಗರು, ಬೆನ್ನಿಗೆ ಬ್ಯಾಗು, ಕಿವಿಗೆ ಇಯರ್‌ಫೋನು. ಈಗ ಆ ವಯಸ್ಸಿನವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹುಟ್ಟಿದ್ದೇ ಕಡಿಮೆ ಎಂದರೆ ಕಾಲೇಜು ತಾನೇ ಏನು ಮಾಡೀತು? ಬೆಳಿಗ್ಗೆ ಪಾರ್ಕಿಂಗ್ ಲಾಟಿನಲ್ಲಿ ಎಲ್ಲಿ ಬೇಕಾದರೂ ಕಾರು ನಿಲ್ಲಿಸಬಹುದು. ಸಂಜೆಯಾದರೆ ಜಾಗಕ್ಕಾಗಿ ಸುತ್ತು ಹೊಡೆಯಬೇಕು. ಸಂಜೆ ಬರುವವರು ವೇರ್‌ಹೌಸಿನಲ್ಲಿ ಶಿಫ್ಟು ಮುಗಿಸಿದವರು, ಟ್ರಕ್ಕು ಓಡಿಸುವವರು, ಮಕ್ಕಳನ್ನು ಬೆಳೆಸಿ ಮುಗಿಸಿದ ತಾಯಂದಿರು. ಅದರಲ್ಲೂ ನಲವತ್ತು ದಾಟಿದ ಹೆಂಗಸರು ಎಲ್ಲ ದೇಶದಿಂದಲೂ ಬಂದು ತುಂಬಿಕೊಳ್ಳುತ್ತಿದ್ದಾರೆ. ಇದನ್ನು ನೋಡಿ ನಮ್ಮ ಮೇಲಧಿಕಾರಿ ಲಿಂಡಾ ಅವರಿಗೆ ಖುಷಿಯೋ ಖುಷಿ. ಆದರೆ ಸೆಮಿಸ್ಟರಿನ ಅರ್ಧಕ್ಕೆ ಬರುವಷ್ಟರಲ್ಲಿ ಆ ಹೆಂಗಸರಲ್ಲೇ ಬಹಳ ಜನ ಮಾಯವಾಗುತ್ತಿದ್ದರು. ಓದಿನಲ್ಲಿ ಹಿಂದುಳಿದಿದ್ದರೆ ಅರ್ಥವಾಗುತ್ತಿತ್ತು. ಚೆನ್ನಾಗಿ ಓದುತ್ತಿದ್ದವರೇ ಬಿಟ್ಟು ಹೋಗುತ್ತಿದ್ದರು. "ಯಾಕೆ ಅಂತ ನೀನು ಕಂಡುಹಿಡಿಯಬೇಕು" ಎಂದರು ಲಿಂಡಾ. ಆಗಲಿ ಎಂದೆ.

ನಾನು ಬಹಳ ಶ್ರದ್ಧೆಯಿಂದ ಕಾರಣ ಹುಡುಕಿದೆ. ಬಸ್ಸಿನ ಸಮಯ ನೋಡಿದೆ. ಸಂಜೆ ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಕತ್ತಲಿರುತ್ತದೆ, ಹೆಂಗಸರಿಗೆ ಭಯವಾಗಬಹುದು ಎಂದು ಬರೆದುಕೊಟ್ಟು ಒಂದು ದೀಪದ ಕಂಬ ಹಾಕಿಸಿದೆ. ಕೆಫೆಟೇರಿಯಾ ಬೇಗ ಮುಚ್ಚುತ್ತದೆ, ಹಸಿದುಕೊಂಡು ಹೇಗೆ ಪಾಠ ಕೇಳುತ್ತಾರೆ ಎಂದು ವಾದಿಸಿ ಅದನ್ನೂ ತಡವಾಗಿ ಮುಚ್ಚುವ ಹಾಗೆ ಮಾಡಿದೆ. ದೀಪದ ಕೆಳಗೆ ಹುಡುಗರು ಸ್ಕೇಟ್‌ಬೋರ್ಡು ಆಡತೊಡಗಿದರು. ಹೆಂಗಸರು ಮಾತ್ರ ಹಿಂದಿನಂತೆಯೇ ಬಿಟ್ಟು ಹೋಗುತ್ತಿದ್ದರು.

ಇದೇ ಸಮಯಕ್ಕೆ ನನ್ನ ಹೆಂಡತಿ ವಂದನಾ ಅದೇ ಕಾಲೇಜಿಗೆ ಸೇರಿದಳು. ಅವಳು ಧಾರವಾಡದವಳು, ಬಾಟನಿಯಲ್ಲಿ ಬಿ.ಎಸ್ಸಿ. ನನ್ನ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದಳು. ಆ ವೀಸಾದಲ್ಲಿ ಬಹಳ ವರ್ಷ ಕೆಲಸ ಮಾಡುವ ಹಾಗಿರಲಿಲ್ಲ. ಮಾಡಬಹುದು ಎನ್ನುವಷ್ಟರಲ್ಲಿ ಮಗಳ ಸ್ಕೂಲು, ಪಿಯಾನೋ, ಈಜು. ಮಗಳು ಯೂನಿವರ್ಸಿಟಿಯ ಹಾಸ್ಟೆಲಿಗೆ ಹೋದ ವಾರವೇ ವಂದನಾ ಊಟದ ಮೇಜಿನ ಮುಂದೆ ಕೂತು, "ನಾ ನರ್ಸಿಂಗ್ ಮಾಡ್ತೇನಿ" ಎಂದಳು. ನರ್ಸಿಂಗಿಗೆ ಸೀಟು ಸಿಗಬೇಕಾದರೆ ಮೊದಲು ಅನಾಟಮಿಯಲ್ಲಿ ಒಳ್ಳೆಯ ಗ್ರೇಡು ಬರಬೇಕು. ನಾನು ಹೆಮ್ಮೆಯಿಂದ ಊರಿಗೆಲ್ಲ ಹೇಳಿಕೊಂಡು ಬಂದೆ. ಒಳ್ಳೆಯ ಬ್ಯಾಗು ತಂದುಕೊಟ್ಟೆ. ಅವಳು ಲೈಬ್ರರಿಯಿಂದ ಪ್ಲಾಸ್ಟಿಕ್ಕಿನ ಮೂಳೆಗಳನ್ನು ತಂದು ಮೇಜಿನ ತುಂಬ ಹರಡಿದಳು. ತೊಡೆಮೂಳೆಯನ್ನು ಪಕ್ಕಕ್ಕೆ ಸರಿಸಿ ಉಪ್ಪಿನಕಾಯಿ ಬಡಿಸಿಕೊಳ್ಳುವುದು ನನಗೆ ಎರಡೇ ದಿನದಲ್ಲಿ ಅಭ್ಯಾಸವಾಯಿತು. ಇಷ್ಟೆಲ್ಲ ಸಹಕಾರ ಕೊಡುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನನಗೇ ನನ್ನ ಮೇಲೆ ಅಭಿಮಾನ ಉಕ್ಕುತ್ತಿತ್ತು.

ಮೊದಲ ಪರೀಕ್ಷೆ ಹತ್ತಿರ ಬಂದ ಹಾಗೆ ಅವಳ ಧೈರ್ಯ ಕುಗ್ಗಿತು. ಸಂಜೆಯ ಕ್ಲಾಸಾದರೂ ಅವಳ ಅಕ್ಕಪಕ್ಕ ಕೂರುವವರು ಮಗಳ ವಯಸ್ಸಿನವರೇ. "ಆ ಹುಡುಗ್ರು ಒಂದ್ಸಲ ನೋಡಿದ್ರ ತಲ್ಯಾಗ ಕೂಡ್ತದ. ನಾ ಮೂರ್ಸಲ ಓದಿದ್ರೂ ಹಾರಿ ಹೋಗ್ತದ. ಈ ಪರೀಕ್ಷಾ ಕೆಟ್ರ ನಾ ಬಿಟ್ಟಬಿಡ್ತೇನಿ ನೋಡ್ರಿ" ಎಂದಳು. ತಮಾಷೆಗೆ ಹೇಳುತ್ತಿಲ್ಲ ಎಂದು ಗೊತ್ತಾಗುವಷ್ಟು ವರ್ಷ ನಾನು ಅವಳ ಜೊತೆ ಬಾಳಿದ್ದೇನೆ. ನನಗೂ ಹೆದರಿಕೆಯಾಯಿತು.

ಪರೀಕ್ಷೆ ಮಂಗಳವಾರ ಸಂಜೆ. ಅದರ ಹಿಂದಿನ ಭಾನುವಾರ ನಾನೊಬ್ಬನೇ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೋಗಿದ್ದೆ. ಕೆಳಗೆ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತ ಕೂತಿದ್ದಾಗ ಪಕ್ಕದಲ್ಲಿ ಕನ್ನಡ ಕೇಳಿಸಿತು. ವಿಜಯಪುರದ ಕಡೆಯ ಪಾಟೀಲರು ಮತ್ತು ಅವರ ಹೆಂಡತಿ ಶಾರದಕ್ಕ. ಕೆಂಡಲ್ ಪಾರ್ಕಿಗೆ ಹೊಸದಾಗಿ ಬಂದವರು. ಹತ್ತು ನಿಮಿಷ ಮಾತಾಡಿದೆವು. ಎದ್ದು ಹೊರಡುವಾಗ ನಾನು ಮೈಸೂರಿನ ಪದ್ಧತಿಯಂತೆ, "ಮನೆಗೆ ಬನ್ನಿ ಒಂದ್ಸಲ, ಊಟಕ್ಕೆ" ಎಂದೆ. ನಮ್ಮ ಕಡೆ ಇದು ನಮಸ್ಕಾರ ಹೇಳುವ ಇನ್ನೊಂದು ಬಗೆ. ಎದುರಿನವರು, "ಅಯ್ಯೋ ಬರೋಣ, ಅದಕ್ಕೇನು, ಇನ್ನೊಂದ್ಸಲ" ಎನ್ನುತ್ತಾರೆ. ಆ ಇನ್ನೊಂದು ಸಲ ಬರದೆಯೇ ಎರಡು ಕುಟುಂಬದವರು ಅನ್ಯೋನ್ಯವಾಗಿ ಮುದುಕರಾಗುತ್ತಾರೆ. ಪಾಟೀಲರು ನಿಂತಲ್ಲೇ, "ಯಾವಾಗ ಬರೂಣ್ರಿ?" ಎಂದರು.

ನನ್ನ ಜೀವಮಾನದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಯಾವಾಗ ಬೇಕಾದ್ರೂ ಬನ್ನಿ, ನಿಮ್ಮನೆ ಅಂತ ತಿಳ್ಕೊಳಿ" ಎಂದೆ. ಇದೂ ಪದ್ಧತಿಯ ಮಾತೇ. "ಮಂಗಳವಾರ ನಾ ಆಫೀಸಿಂದ ಲಗೂನ ಬರ್ತೇನ್ರಿ. ಮಂಗಳವಾರ ಸಂಜೀಕ ಬರ್ತೇವಿ" ಎಂದರು. ಆ ಕ್ಷಣದಲ್ಲಿ ಮಂಗಳವಾರ ಬೇಡ ಎನ್ನಬಹುದಿತ್ತು. ನನ್ನ ಬಾಯಿ ಮಾತ್ರ, "ಓ, ಖಂಡಿತ" ಎಂದಿತು. ಇವರೂ ಸುಮ್ಮನೆ ಅಂದಿರಬೇಕು ಎಂದುಕೊಂಡು ಮನೆಯಲ್ಲಿ ನಾನು ಏನನ್ನೂ ಹೇಳಲಿಲ್ಲ. ಮನೆಗೆ ಬನ್ನಿ ಎಂದರೆ ನಿಜಕ್ಕೂ ಬರುವ ಜನ ಕರ್ನಾಟಕದಲ್ಲಿ ಇದ್ದಾರೆ ಎನ್ನುವುದು, ಅವರದೇ ಸೀಮೆಯ ಹೆಣ್ಣನ್ನು ಮದುವೆಯಾಗಿಯೂ, ನನಗೆ ತಿಳಿದಿರಲಿಲ್ಲ.

ಮಂಗಳವಾರ ಸಂಜೆ ಹಿಲ್ಸ್‌ಬರೋದ ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತು. ವಂದನಾ ಬ್ಯಾಗಿಗೆ ಪೆನ್ಸಿಲು ಹಾಕುತ್ತಿದ್ದಳು. ಬಾಗಿಲಲ್ಲಿ ಪಾಟೀಲರು, ಶಾರದಕ್ಕ, ಕೈಯಲ್ಲಿ ಹಣ್ಣಿನ ಬುಟ್ಟಿ. ವಂದನಾ ನನ್ನ ಮುಖ ನೋಡಿದಳು. ಮರುಕ್ಷಣವೇ ನಕ್ಕು, ಬರ್ರಿ ಬರ್ರಿ ಎಂದು ಒಳಗೆ ಕರೆದು, ನೀರು ಕೊಟ್ಟು, ಮೂಳೆಗಳನ್ನು ಬಾಚಿ ಸೋಫಾದ ಹಿಂದೆ ಇಟ್ಟು, ಅಡಿಗೆಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮೇಲಿನ ಕಪಾಟಿನಿಂದ ಹಿಟ್ಟಿನ ಡಬ್ಬಿ ಇಳಿಸುತ್ತ, "ಇರ್ಲಿ ಬಿಡ್ರಿ. ಪರೀಕ್ಷಾಕ್ಕ ಹೋಗೂದಿಲ್ಲ. ಹೆಂಗೂ ನನಗ ಬರ್ತಿರ್ಲಿಲ್ಲ. ನಾಳೆ ಕೋರ್ಸ್ ಡ್ರಾಪ್ ಮಾಡ್ತೇನಿ" ಎಂದಳು.

ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಾಧಾರಣವಾಗಿ ಹೇಳಿದಳು. ತಿಂಗಳುಗಟ್ಟಲೆ ಬಸ್ಸು, ದೀಪ, ಕೆಫೆಟೇರಿಯಾ ಎಂದು ನಾನು ಹುಡುಕುತ್ತಿದ್ದ ಕಾರಣ ನನ್ನ ಅಡಿಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತ ನಿಂತಿತ್ತು. ಅಳು ಇಲ್ಲ, ಜಗಳ ಇಲ್ಲ. ಮನೆಗೆ ಯಾರೋ ಬಂದಿದ್ದಾರೆ, ಅಷ್ಟೇ. ಹೀಗೇ ಎಷ್ಟು ಮನೆಗಳಲ್ಲಿ, ಎಷ್ಟು ಭಾಷೆಗಳಲ್ಲಿ ಹೆಂಗಸರು ಇರಲಿ ಬಿಡಿ ಎಂದಿರಬೇಕು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹಾಲಿಗೆ ಬಂದೆ. ಅತಿಥಿಗಳಿಗೆ ವಿಷಯ ಹೇಳಬೇಕು. ದಾರಿಯಲ್ಲಿ ಟ್ರಾಫಿಕ್ ಇತ್ತೇ ಎಂದು ಕೇಳಿದೆ. ಈ ವರ್ಷ ಚಳಿ ಬೇಗ ಬಂತು ಎಂದೆ. ಕೆಂಡಲ್ ಪಾರ್ಕಿನಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಹೇಗೆ ಎಂದು ವಿಚಾರಿಸಿದೆ. ಗಡಿಯಾರ ನೋಡಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು, "ವಂದನಾಗೆ ಇವತ್ತು ಪರೀಕ್ಷೆ ಇದೆ. ನೀವು ಬರೋದನ್ನ ನಾನು ಅವಳಿಗೆ ಹೇಳಿರಲಿಲ್ಲ" ಎಂದುಬಿಟ್ಟೆ. ಭೂಮಿ ಬಾಯಿ ಬಿಡಲಿಲ್ಲ. ಶಾರದಕ್ಕ ಎದ್ದು ಸೀದಾ ಅಡಿಗೆಮನೆಗೆ ಹೋಗಿ ವಂದನಾಳ ಕೈಯಿಂದ ಜರಡಿ ಕಿತ್ತುಕೊಂಡರು. "ಏ ಹುಚ್ಚಿ, ಪರೀಕ್ಷಾ ಬಿಟ್ಟು ನಮಗ ರೊಟ್ಟಿ ಬಡೀತಿಯೇನ? ನಡಿ, ಮೊದಲ ಹೋಗು! ನಾವೇನು ಊಟ ಕಂಡಿಲ್ಲೇನು?" ಎಂದು ಅವಳ ಹೆಗಲಿಗೆ ಬ್ಯಾಗು ಹಾಕಿ, ಕಾರಿನವರೆಗೂ ಹೋಗಿ ಕಳಿಸಿ ಬಂದರು. ಬಂದವರು ಅಡಿಗೆಗೆ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಹೂಂ, ಕರದವರು ಮಾಡ್ರಿ ಈಗ" ಎಂದರು.

ಮಾಡಿದೆವು. ಪಾಟೀಲರು ಈರುಳ್ಳಿ ಹೆಚ್ಚಿದರು, ಕಣ್ಣೀರು ನಾನು ಸುರಿಸಿದೆ. ಗಾದಿಯಷ್ಟು ದಪ್ಪನೆಯ ಚಪಾತಿಗಳು, ತಳ ಹಿಡಿದ ಪಲ್ಯ. ಶಾರದಕ್ಕ ತಿಂದರು, ತಿನ್ನುತ್ತಲೇ ಕಾಲೇಜಿನ ಬಗ್ಗೆ ಬಿಡದೆ ಕೇಳಿದರು. ಫೀಸು ಎಷ್ಟು, ಸಂಜೆ ಕ್ಲಾಸು ಇದೆಯೇ, ಮೊಮ್ಮಕ್ಕಳಾದವರನ್ನೂ ಸೇರಿಸಿಕೊಳ್ಳುತ್ತಾರೆಯೇ. ಪಾಟೀಲರು ಮುಂದಿನ ಸೆಮಿಸ್ಟರಿನ ಅಡಿಗೆಯನ್ನು ನೆನೆದು ಚಪಾತಿ ಅಗಿಯುವುದನ್ನು ನಿಲ್ಲಿಸಿದರು.

ವಂದನಾ ಪಾಸಾದಳು, ಅದೂ ಒಳ್ಳೆಯ ಗ್ರೇಡಿನಲ್ಲಿ. ಅವತ್ತು ನಾನು ಅವಳೆದುರು ನಿಂತು, ಇನ್ನು ಮೇಲೆ ಪ್ರತಿ ಮಂಗಳವಾರ ಸಂಜೆ ಅಡಿಗೆ ನನ್ನದು, ನೀನು ನಿಶ್ಚಿಂತೆಯಿಂದ ಕ್ಲಾಸಿಗೆ ಹೋಗು ಎಂದೆ. ಅವಳು ನಂಬಿದಳೋ ಇಲ್ಲವೋ, ತಲೆಯಾಡಿಸಿದಳು.

ಇದಾದ ಕೆಲವು ದಿನಕ್ಕೆ ಲಿಂಡಾ, ಬಿಡಬೇಕೆಂದುಕೊಂಡು ಬಿಡದೆ ಉಳಿದ ಹೆಂಗಸರನ್ನು ಮಾತಾಡಿಸಿಕೊಂಡು ಬಾ, ಹೆಸರು ಬೇಡ ಎಂದರು. ಕಾಲೇಜಿನಲ್ಲಿ ಕೇಳಿದರೆ ಯಾರಿಗೂ ಪುರುಸೊತ್ತಿಲ್ಲ. ಮನೆಯಲ್ಲೇ ಒಬ್ಬಳು ಇದ್ದಳಲ್ಲ. ವಂದನಾ ಬೆನ್ನುಮೂಳೆ ಜೋಡಿಸುತ್ತ ಕೂತಿದ್ದಾಗ, ಬಿಡಬೇಕು ಅನ್ನಿಸಿದ್ದಕ್ಕೆ ಮುಖ್ಯ ಕಾರಣವೇನು ಎಂದು ಆಫೀಸಿನ ಧ್ವನಿಯಲ್ಲಿ ಕೇಳಿದೆ.

"ನನ್ನ ಗಂಡ" ಎಂದಳು, ತಲೆ ಎತ್ತದೆ.

"ಸ್ವಲ್ಪ ವಿವರವಾಗಿ..."

"ಮನಷ್ಯಾ ಕೆಟ್ಟವರಲ್ಲ. ಊರ ಮಂದಿಗೆಲ್ಲಾ ಹೂಂ ಅಂತಾರ. ಆ ಹೂಂ ತೀರಿಸೂದು ಮಾತ್ರ ನನ್ನ ಪಾಲಿಗೆ ಬರ್ತದ. ಬರ್ಕೊಂಡ್ರೇನು? ಹಂಗಾರ ಬಾಗಲಾ ಹಾಕ್ಕೊಂಡು ಹೋಗ್ರಿ."

ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಲಿಂಡಾ ಮುಂದೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪಾಪ, ಆ ಹೆಂಗಸು. ಅವಳ ಗಂಡನನ್ನ ಯಾರಾದರೂ ಕೂರಿಸಿಕೊಂಡು ಮಾತಾಡಬೇಕು. ನಿನಗೆ ಅವನ ಪರಿಚಯ ಇದೆಯಾ?" ಸುಮಾರಾಗಿ ಇದೆ ಎಂದೆ. ಲಿಂಡಾಗೆ ಹುರುಪು ಬಂತು. ಇಂಥ ಗಂಡಂದಿರನ್ನೆಲ್ಲ ಕರೆದು, ಮನೆಯಲ್ಲಿ ಹೆಂಡತಿಯ ಓದಿಗೆ ಹೇಗೆ ಅನುಕೂಲ ಮಾಡಿಕೊಡಬೇಕು ಎಂದು ತಿಳಿಸಿಕೊಡುವ ಒಂದು ಕಾರ್ಯಕ್ರಮ ಇಡೋಣ, ಪ್ರತಿ ಮಂಗಳವಾರ ಸಂಜೆ. ನೀನೇ ನಡೆಸಿಕೊಡುತ್ತೀಯಾ ಎಂದರು. "ಓ, ಖಂಡಿತ" ಎಂದೆ.

ಪಾರ್ಕಿಂಗ್ ಲಾಟಿಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ಮಂಗಳವಾರ ಎಂದರೇನು ಎನ್ನುವುದು ತಲೆಗೆ ಹೊಳೆಯಿತು. ಇವತ್ತು ಏನಾದರಾಗಲಿ, ಆಗುವುದಿಲ್ಲ ಎಂದು ಹೇಳಿಯೇ ಬಿಡುತ್ತೇನೆ ಎಂದು ದಾಪುಗಾಲು ಹಾಕಿಕೊಂಡು ವಾಪಸ್ಸು ಹೋಗಿ ಲಿಂಡಾ ಅವರ ಬಾಗಿಲಲ್ಲಿ ನಿಂತೆ. ಅವರು ತಲೆಯೆತ್ತಿ, ಏನು ಎಂದರು.

"ಏನಿಲ್ಲ, ಬರುವ ಗಂಡಂದಿರಿಗೆ ಊಟದ ವ್ಯವಸ್ಥೆಯನ್ನೂ ನಾನೇ ನೋಡಿಕೊಳ್ಳಲೇ ಎಂದು ಕೇಳೋಣ ಅಂತ ಬಂದೆ" ಎಂದೆ.