ಹನ್ನೊಂದು ಸ್ವಿಚ್ಚುಗಳ ದಿಗ್ವಿಜಯ

ನಾಳೆಯೂ ಹಾಜರಿ ಯಂತ್ರ ಕೆಂಪು ಗುರುತು ಒತ್ತಿದರೆ ಮೂರಾಯಿತು. ಮೂರಾದರೆ ತರಬೇತಿ ಮುಗಿಯುವ ಮೊದಲೇ ಮನೆಗೆ. ಒಂಬತ್ತರ ಕೆಲಸಕ್ಕೆ ಎಂಟೂ ಐವತ್ತೈದಕ್ಕೇ ಗೇಟು ದಾಟಿಯೂ ತಡವಾದದ್ದು ಹೇಗೆಂದು ಇಂಚರ ಡೈರಿಯಲ್ಲಿ ಬರೆದುಕೊಂಡಳೇ ಹೊರತು ಯಾರನ್ನೂ ಕೇಳಲಿಲ್ಲ.

ಕೇಳಬೇಕಾದವನು ಸಾಮಾನ್ಯನೇ? ಸ್ವಸ್ತಿ. ಕೃತ, ತ್ರೇತಾ, ದ್ವಾಪರಗಳು ಕೈಗಡಿಯಾರವಿಲ್ಲದೆ ಹೇಗೋ ಉರುಳಿಹೋದ ಮೇಲೆ, ಹೆದ್ದಾರಿ ಪಕ್ಕದ ಬಿಸ್ಕತ್ತು ಕಾರ್ಖಾನೆಯಲ್ಲಿ ಸಮಸ್ತ-ಕೇಬಲ್-ಜಾಲ-ಚಕ್ರವರ್ತಿಯೂ ಪಾಸ್‌ವರ್ಡ್-ಭಂಡಾರ-ಏಕಾಧಿಪತಿಯೂ ರೀಸ್ಟಾರ್ಟ್-ಬ್ರಹ್ಮಾಸ್ತ್ರ-ಧುರಂಧರನೂ ಆದ ವೃಷಭೇಂದ್ರಪ್ಪನು ಅವತರಿಸಿದನು. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಹೆಣೆದಿದ್ದ ಹನ್ನೊಂದು ಸ್ವಿಚ್ಚುಗಳು ಕಪ್ಪ ಕೊಡದ ಪಾಳೆಯಗಾರರಂತೆ ತಮತಮಗೆ ತೋಚಿದ ವೇಳೆ ತೋರುತ್ತಿದ್ದವು. ಒಲೆಯ ವಿಭಾಗದಲ್ಲಿ ಮಧ್ಯಾಹ್ನವಾದರೂ ಪ್ಯಾಕಿಂಗಿನಲ್ಲಿ ಇನ್ನೂ ನಿನ್ನೆಯೇ. ಗೇಟಿನ ಸ್ವಿಚ್ಚನ್ನು ಮಾತ್ರ ವೀರನು ಮೊನ್ನೆ ತನ್ನ ಕೈಗಡಿಯಾರ ನೋಡಿ ತಿದ್ದಿದ್ದನು. ಹಾಜರಿ ಯಂತ್ರ ನಂಬುತ್ತಿದ್ದುದು ಅದನ್ನೇ.

ಮಿಕ್ಕ ಹತ್ತರ ಮೇಲೆ ಇಂದು ದಂಡಯಾತ್ರೆ. ಇಂಟರ್ನೆಟ್ಟಿನ ಟೈಮ್ ಸರ್ವರ್‌ಗೆ ಜೋಡಿಸಿದರೆ ಸರಿಯಾದ ವೇಳೆ ತಾನಾಗಿ ಬರುತ್ತದೆಂದು ಅವನ ಕೈಕೆಳಗೆ ತರಬೇತಿಗಿದ್ದ ಇಂಚರ ಚೀಟಿ ಬರೆದಿಟ್ಟಿದ್ದಳು. ಅದು ವೀರನ ಟೀ ಲೋಟದ ಅಡಿ ಸೇರಿತ್ತು.

“ಯಾರ್ದೋ ಟೈಮು ನಮಗ್ಯಾಕಮ್ಮ? ಇಪ್ಪತ್ತೆರಡು ವರ್ಷ ಸರ್ವೀಸು ನಂದು, ಒಂದಿನ ಲೇಟಾಗಿಲ್ಲ. ಏಣಿ ಹಿಡ್ಕೊ,” ಎಂದವನೇ, ಐರಾವತವನ್ನೇರುವ ಇಂದ್ರನಂತೆ ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ಬಿಟ್ಟು ಏರಿದನು. ಜೇಡಗಳು ದಿಕ್ಕಾಪಾಲಾದವು. ಕೀಬೋರ್ಡಿನ ಕೀಲಿಗಳು ಪಟಪಟನೆ ಕಾದಾಡಿದವು. ಸಂಜೆಯೊಳಗೆ ಹತ್ತೂ ಸ್ವಿಚ್ಚುಗಳು ಗೇಟಿನದನ್ನೇ ಗುರುವೆಂದು ಒಪ್ಪಿ, ಒಂದು ಸೆಕೆಂಡೂ ಹೆಚ್ಚುಕಡಿಮೆಯಿಲ್ಲದೆ ಒಂದೇ ವೇಳೆ ನುಡಿದವು.

ಆಗ ಗೇಟಿನ ಕಾವಲಿನ ಜವರಪ್ಪ ಬಂದು ನಿಂತು ಮೇಲೆ ನೋಡಿದನು. “ಅಲ್ಲಾ ಸಾ, ಎರಡು ದಿನದಿಂದ ಅರ್ಧ ಕಾರ್ಖಾನೆಯೇ ಲೇಟು ಅಂತದೆ ಆ ಮಿಷಿನ್ನು. ನೀವೊಬ್ರೇ ಅದೆಂಗೆ ಟೈಮಿಗೆ ಬತ್ತೀರಿ?”

ವಿಜಯಿಯು ಮಣಿಕಟ್ಟನ್ನು ವಜ್ರಾಯುಧದಂತೆ ಎತ್ತಿದನು. “ಶಿಸ್ತು ಕಣಯ್ಯ. ಕೆಲಸಕ್ಕೆ ಸೇರಿದ ದಿನದಿಂದ ಈ ವಾಚು ಹತ್ತು ನಿಮಿಷ ಮುಂದೆ ಇಟ್ಟಿದೀನಿ.”

ಜವರಪ್ಪ ತನ್ನ ಮೊಬೈಲು ತೆಗೆದು ವೇಳೆ ನೋಡಿಕೊಂಡನು. ವೀರನಿಗೆ ಇನ್ನೂ ಹೊಳೆದಿರಲಿಲ್ಲ. ಹನ್ನೊಂದು ಸ್ವಿಚ್ಚುಗಳ ಹಸಿರು ದೀಪಗಳು ಜಯಕಾರದಂತೆ ಮಿನುಗುತ್ತಿರಲು, ಏಣಿಯ ಬುಡದಿಂದ, ಇದುವರೆಗೆ ಡೈರಿಗಷ್ಟೇ ಕೇಳಿಸಿದ್ದ ದನಿಯೊಂದು ಎದ್ದಿತು.

“ನಾನು ಲೇಟಾಗಿ ಬಂದಿಲ್ಲ ಸಾರ್. ನಿಮ್ಮ ವಾಚು ಮುಂದಿದೆ.”